ಈ ಒಂದ್ ಕೇಸಿಗೆ ಮಾತ್ರ, ಸ್ವಾಮಿ!

ಅಮೆರಿಕದ ಸುಪ್ರೀಂ ಕೋರ್ಟಲ್ಲಿ ಚೀಫ್ ಜಸ್ಟಿಸ್ ಹಾಕ್ಕೊಳ್ತಿದ್ದಿದ್ದು ಸಾದಾ ಕಪ್ಪು ಗೌನು. 1995ರಲ್ಲಿ ವಿಲಿಯಂ ರೆನ್‌ಕ್ವಿಸ್ಟ್ ಸಾಹೇಬ್ರು ಎರಡೂ ತೋಳಿಗೆ ನಾಲ್ಕ್ ನಾಲ್ಕು ಬಂಗಾರದ ಪಟ್ಟಿ ಹೊಲಿಸ್ಕೊಂಡು ಬಂದು ಪೀಠದಲ್ಲಿ ಕೂತ್ರು. ಯಾವ ಕಾನೂನಲ್ಲಿದೆ ಅಂತ ಕೇಳ್ಬೇಡಿ, ಒಂದು ಕಾಮಿಕ್ ಒಪೆರಾದಲ್ಲಿ ಲಾರ್ಡ್ ಚಾನ್ಸಲರ್ ಪಾತ್ರಧಾರಿಯ ವೇಷ ಇವರಿಗೆ ಬಹಳ ಹಿಡಿಸಿಬಿಟ್ಟಿತ್ತು. ಸಂವಿಧಾನಕ್ಕೆ ಜಡ್ಜು ತನ್ನ ಕೈಯಿಂದ ಏನೂ ಸೇರಿಸಬಾರದು ಅಂತ ಜೀವಮಾನ ಪೂರ್ತಿ ವಾದ ಮಾಡಿದ ಮನುಷ್ಯ ಇವರು. ಪಟ್ಟಿ ಸೇರಿಸಬಾರದು ಅಂತೇನೂ ಹೇಳಿರ್ಲಿಲ್ಲ ಬಿಡಿ.

ಇವರ ಕಥೆ ಶುರುವಾಗೋದು 1952ರಲ್ಲಿ, ಅದೇ ಕೋರ್ಟಿನ ಜಸ್ಟಿಸ್ ಜಾಕ್ಸನ್ ಹತ್ರ ಕ್ಲರ್ಕ್, ಅಂದ್ರೆ ಜಡ್ಜಿಗೆ ಸಹಾಯ ಮಾಡೋ ಯುವ ವಕೀಲ, ಆಗಿದ್ದಾಗ. ಕರಿಯರ ಮಕ್ಕಳಿಗೆ ಬೇರೆ ಸ್ಕೂಲು ಇಡೋ ಕೇಸು ಬಂದಾಗ, ಪ್ರತ್ಯೇಕ ಇಟ್ರೂ ಸಮಾನವೇ ಅನ್ನೋ ಹಳೇ ತೀರ್ಪೇ ಸರಿ ಅಂತ ಒಂದು ನೋಟ್ ಬರೆದ್ರು. 1971ರಲ್ಲಿ ಪ್ರೆಸಿಡೆಂಟ್ ನಿಕ್ಸನ್ ಸುಪ್ರೀಂ ಕೋರ್ಟ್ ಜಡ್ಜ್ ಹುದ್ದೆಗೆ ಇವರ ಹೆಸರು ಸೂಚಿಸಿದ್ಮೇಲೆ ಆ ಚೀಟಿ ಹೊರಗೆ ಬಂತು, ಅದು ನನ್ನ ಅಭಿಪ್ರಾಯ ಅಲ್ಲಪ್ಪ ಜಾಕ್ಸನ್ ಸಾಹೇಬ್ರದ್ದು ಅಂದ್ಬಿಟ್ರು. ಜಾಕ್ಸನ್ ತೀರ್ಕೊಂಡು ಆಗ್ಲೇ ಹದಿನೇಳು ವರ್ಷ ಆಗಿತ್ತು, ಇಲ್ಲ ಅನ್ನೋಕೆ ಯಾರಿದ್ರು?

ಜಡ್ಜ್ ಆದ ಮೊದಮೊದಲು ಎಂಟು ಜನ ಒಂದ್ ಕಡೆ, ಇವರೊಬ್ಬರೇ ಇನ್ನೊಂದ್ ಕಡೆ ನಿಂತಿದ್ದು ಎಷ್ಟು ಸಲ ಅಂದ್ರೆ ಕ್ಲರ್ಕ್‌ಗಳೆಲ್ಲ ಸೇರಿ ಒಂದು ಲೋನ್ ರೇಂಜರ್ (ಒಂಟಿ ಕೌಬಾಯ್ ಹೀರೋ) ಗೊಂಬೆ ತಂದ್ಕೊಟ್ರು. 1986ರಲ್ಲಿ ಪ್ರೆಸಿಡೆಂಟ್ ರೇಗನ್ ಇವರನ್ನ ಚೀಫ್ ಮಾಡಿದ್ರು, ಆಮೇಲೆ ಒಂದೇ ಮಂತ್ರ: ರಾಜ್ಯಗಳ ಹಕ್ಕು. ಸ್ಕೂಲ್ ಹತ್ರ ಬಂದೂಕು ತರಬಾರದು ಅಂತ ಕಾಂಗ್ರೆಸ್, ಅಂದ್ರೆ ಅಲ್ಲಿನ ಪಾರ್ಲಿಮೆಂಟು, ಕಾನೂನು ಮಾಡಿದ್ರೆ, ಅದು ನಿಮ್ಮ ಕೆಲಸ ಅಲ್ಲ ಅಂತ 1995ರಲ್ಲಿ ಹೊಡೆದು ಹಾಕಿದ್ರು. ಹಲ್ಲೆಗೊಳಗಾದ ಹೆಣ್ಣುಮಕ್ಕಳು ಫೆಡರಲ್, ಅಂದ್ರೆ ಕೇಂದ್ರದ, ಕೋರ್ಟಿಗೆ ಹೋಗಿ ದಾವೆ ಹಾಕಬಹುದು ಅನ್ನೋ ಕಾನೂನಿಗೂ 2000ರ ಮೇನಲ್ಲಿ ಅದೇ ಗತಿ. ಎಲ್ಲಾ ರಾಜ್ಯ ನೋಡ್ಕೊಳುತ್ತೆ, ವಾಷಿಂಗ್ಟನ್ ಮಧ್ಯೆ ಬಾಯಿ ಹಾಕ್ಬಾರದು.

ಸರಿ, ಅದೇ ವರ್ಷ ಡಿಸೆಂಬರ್ ಬಂತು. ಫ್ಲೋರಿಡಾ. ಪ್ರೆಸಿಡೆಂಟ್ ಚುನಾವಣೇಲಿ ಗೋರ್‌ಗಿಂತ ಬುಶ್ ಅಲ್ಲಿ ಮುಂದಿರೋದು ಕೆಲವೇ ನೂರು ವೋಟಲ್ಲಿ, ಅಲ್ಲಿನ ಎಣಿಕೆಯವರು ತೂತು ಹೊಡೆದು ವೋಟ್ ಹಾಕೋ ಪಂಚ್ ಕಾರ್ಡ್‌ನ ಬೆಳಕಿಗೆ ಹಿಡಿದು, ತೂತು ಪೂರ್ತಿ ಬಿದ್ದಿದೆಯಾ ಇಲ್ಲಾ ಬರೀ ಉಬ್ಬಿದೆಯಾ ಅಂತ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾ ಕೂತಿದಾರೆ. 8ನೇ ತಾರೀಕು ಫ್ಲೋರಿಡಾ ಸುಪ್ರೀಂ ಕೋರ್ಟು, ಅಂದ್ರೆ ರಾಜ್ಯದ್ದೇ ಕೋರ್ಟು, ರಾಜ್ಯದ್ದೇ ಕಾನೂನಿನ ಪ್ರಕಾರ, ಕೈಯಲ್ಲಿ ಎಣಿಸಿ ಅಂತು. 9ಕ್ಕೆ ರೆನ್‌ಕ್ವಿಸ್ಟ್ ಕೋರ್ಟು, ಐದು ಜನ ಈ ಕಡೆ ನಾಲ್ಕು ಜನ ಆ ಕಡೆ, ನಿಲ್ಸಿ ಅಂತು. 12ರ ರಾತ್ರಿ ಹತ್ತು ಗಂಟೆ ಹೊತ್ತಿಗೆ ತೀರ್ಪು ಕೊಟ್ಟು, ಡೆಡ್‌ಲೈನ್ ಇವತ್ತೇ, ಇನ್ನು ಎಣಿಸೋಕೆ ಟೈಮಿಲ್ಲ ಅಂತು. ಮೂರು ದಿನ ಎಣಿಕೆ ನಿಲ್ಲಿಸಿದ್ದು ಯಾರು ಅಂತ ಮಾತ್ರ ಕೇಳ್ಬೇಡಿ. ಟೈಮ್ ಮುಗೀತು ಅನ್ನೋ ಕೆಂಪು ಲೈಟ್ ಹತ್ತಿದ್ರೆ ವಕೀಲರ ಮಾತನ್ನ ಅರ್ಧ ಪದದಲ್ಲೇ ಕಟ್ ಮಾಡ್ತಿದ್ದ ಚೀಫ್ ಇವರು, ಆ ಸಲ ಇಡೀ ರಾಜ್ಯಕ್ಕೇ ಕೆಂಪು ಲೈಟು.

ಕಾರಣ? ಸಮಾನ ರಕ್ಷಣೆ! ಕಾರ್ಡ್ ನೋಡೋ ರೀತಿ ಒಂದೊಂದ್ ಕಡೆ ಒಂದೊಂದ್ ಥರ, ಎಲ್ಲಾ ವೋಟಿಗೂ ಕಾನೂನು ಒಂದೇ ಆಗ್ಲಿಲ್ಲ ಅಂತ. ಗುಲಾಮಗಿರಿಯಿಂದ ಬಿಡುಗಡೆ ಆದವರಿಗೋಸ್ಕರ ಬಂದ ಸಂವಿಧಾನದ 14ನೇ ತಿದ್ದುಪಡಿ, ಚೀಟಿ ಬರೆದಾಗ ಕರಿಯರ ಮಕ್ಕಳಿಗೆ ದಕ್ಕದೇ ಇದ್ದದ್ದು, ಬುಶ್ ಸಾಹೇಬ್ರಿಗೆ ಮಾತ್ರ ನಾಲ್ಕೇ ದಿನದಲ್ಲಿ ದಕ್ಕಿತು. ರೆನ್‌ಕ್ವಿಸ್ಟ್ ಬೇರೆಯಾಗಿ ಬರೆದ ಅಭಿಪ್ರಾಯದಲ್ಲಿ, ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೇ ಗೌರವ ಕೊಡ್ಬೇಕು, ಕೆಲವು ಅಪರೂಪದ ಕೇಸು ಬಿಟ್ಟು ಅಂತ ತಾವೇ ಒಪ್ಕೊಂಡ್ರು. ಮುಖ್ಯ ತೀರ್ಪಲ್ಲಂತೂ ಈ ವಾದ ಈಗಿನ ಸಂದರ್ಭಕ್ಕೆ ಸೀಮಿತ ಅಂತ ಸೇರಿಸಿದ್ರು. ಅಂದ್ರೆ ಯಾರೂ ಇದನ್ನ ಹಿಡ್ಕೊಂಡು ನಾಳೆ ನಮ್ಮತ್ರ ಬರ್ಬೇಡಿ ಅಂತ.

2005ರ ಸೆಪ್ಟೆಂಬರಲ್ಲಿ ರೆನ್‌ಕ್ವಿಸ್ಟ್ ಹುದ್ದೆಯಲ್ಲಿದ್ದಾಗ್ಲೇ ತೀರ್ಕೊಂಡ್ರು. ಆ ಕುರ್ಚಿಗೆ ಪ್ರೆಸಿಡೆಂಟ್ ಬುಶ್ ಕೂರಿಸಿದ್ದು ರೆನ್‌ಕ್ವಿಸ್ಟ್ ಅವರ ಹಳೇ ಕ್ಲರ್ಕ್ ಜಾನ್ ರಾಬರ್ಟ್ಸ್‌ನ. ಫ್ಲೋರಿಡಾ ಗಲಾಟೆಲಿ ಬುಶ್ ಪರ ಕೆಲಸ ಮಾಡಿದ ವಕೀಲರಲ್ಲಿ ಇವರೂ ಒಬ್ಬರು. ಕವನಾ, ಬ್ಯಾರೆಟ್ ಇಬ್ರೂ ಆಗ ಅದೇ ಪಾಳಯದಲ್ಲಿದ್ರು, ಈಗ ರಾಬರ್ಟ್ಸ್ ಜೊತೆ ಅದೇ ಪೀಠದಲ್ಲಿದಾರೆ. ಆ ತೀರ್ಪು ಮಾತ್ರ ಆ ಒಂದ್ ಕೇಸಿಗಷ್ಟೇ ಸೀಮಿತ ಅಂತೆ.