ತಲಕಾಡಿನ ಮರಳು ಮಾತ್ರ ನೋಡಿರಲಿಲ್ಲ

ತಲಕಾಡಿಗೆ ಐದಾರು ಸಲ ಹೋಗಿದ್ದೇನೆ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ ಎಲ್ಲ ನೋಡಿ, ಹೊಳೆಯಲ್ಲಿ ಮುಳುಗೆದ್ದು, ಚುರುಮುರಿ ತಿಂದು ಬಂದಿದ್ದೇನೆ. ಮರಳು ಮಾತ್ರ ನೋಡಿರಲಿಲ್ಲ. ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗುವಾಗ ಕಾಲು ಸುಡುತ್ತಿತ್ತು, ಅಷ್ಟೇ.

ಇದು ಹೊಳೆದದ್ದು ಶಿಕಾಗೋ ಹತ್ತಿರದ ಇಂಡಿಯಾನಾ ಡ್ಯೂನ್ಸ್‌ನಲ್ಲಿ. ಮಿಶಿಗನ್ ಸರೋವರದ ದಂಡೆಯ ಈ ಮರಳುದಿಬ್ಬಗಳು 2019ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಅಲ್ಲಿನ ಮೌಂಟ್ ಬಾಲ್ಡಿ ದಿಬ್ಬ ಸುಮಾರು 38 ಮೀಟರ್ ಎತ್ತರ. ವರ್ಷಕ್ಕೆ ಒಂದು ಮೀಟರಿಗೂ ಜಾಸ್ತಿ ನಡೆಯುತ್ತದೆ. ಹೌದು, ನಡೆಯುತ್ತದೆ! ಎದುರು ಸಿಕ್ಕ ಓಕ್ ಮರಗಳನ್ನು ಹೂಳುತ್ತಾ ಹೋಗುತ್ತದೆ. ಹೂತ ಮರ ಕೊಳೆತರೆ ಒಳಗೆ ಟೊಳ್ಳು. 2013ರಲ್ಲಿ ಆರು ವರ್ಷದ ಹುಡುಗನೊಬ್ಬ ಅಂಥ ಟೊಳ್ಳಿಗೆ ಜಾರಿ, ಮೂರು ಗಂಟೆಗೂ ಮೇಲೆ ಒಳಗಿದ್ದು, ಬದುಕಿ ಬಂದ. ಆಮೇಲೆ ದಿಬ್ಬ ಹತ್ತುವುದು ರೇಂಜರ್ ಜೊತೆಗೇ ಎಂದಾಯಿತು.

ನಮ್ಮ ಜೊತೆ ಬಂದ ರೇಂಜರ್ ಎರಡು ಗಂಟೆಯಲ್ಲಿ ನಡೆಸಿದ್ದು ಒಂದು ಮೈಲಿಯೂ ಇರಲಿಲ್ಲ. ಪ್ರತಿ ಹತ್ತು ಹೆಜ್ಜೆಗೆ ಮಂಡಿಯೂರಿ ಏನೋ ತೋರಿಸುವರು. ನೀರಿನ ಪಕ್ಕ ಮ್ಯಾರಮ್ ಹುಲ್ಲು. ಮರಳು ಮುಚ್ಚಿದಷ್ಟೂ ಅದು ಮೇಲಕ್ಕೆ ಬರುತ್ತದೆ. ಅದು ಮರಳನ್ನು ಹಿಡಿದು ನಿಲ್ಲಿಸಿದ ಮೇಲೆ ಪೈನ್, ಇನ್ನೂ ಒಳಗೆ ಓಕ್. ದಂಡೆಯಿಂದ ಒಳಕ್ಕೆ ನಡೆದರೆ ಬರೀ ಮರಳು ಕಾಡಾದ ಕಥೆ ಸಾಲಾಗಿ ಸಿಗುತ್ತದೆ. ಶಿಕಾಗೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಹೆನ್ರಿ ಕೌಲ್ಸ್ 1899ರಲ್ಲಿ ಬರೆದದ್ದು ಇದನ್ನೇ.

ಒಂದು ಕಡೆ ನಮ್ಮೂರ ಬೇಲಿಯ ಪಾಪಾಸುಕಳ್ಳಿಯ ನೆಂಟ! ಚಳಿಗಾಲದಲ್ಲಿ ಸುಕ್ಕುಗಟ್ಟಿ, ಹಿಮದಡಿ ಮಲಗಿ, ಮತ್ತೆ ಏಳುತ್ತದಂತೆ. ನಮ್ಮ ಕಳ್ಳಿಯ ತವರೂ ಅಮೆರಿಕವೇ ಅಲ್ವಾ. ವಲಸೆ ಬಂದವನು ನಾನು, ಅದಲ್ಲ.

ಎಲ್ಲ ಚಂದವೇ ಅಂತಿಲ್ಲ. ದಾರಿ ಬಿಟ್ಟು ಹೆಜ್ಜೆ ಇಡುವಂತಿಲ್ಲ, ಮಗನಿಗೆ ಉರುಳಾಡಲು ಬಿಡಲಿಲ್ಲ. ತಲಕಾಡಿನಲ್ಲಿ ನಾನು ಉರುಳಾಡಿದ್ದಕ್ಕೆ ಲೆಕ್ಕವಿಲ್ಲ. ಇನ್ನೊಂದು: 'ತಲಕಾಡು ಮರಳಾಗಲಿ' ಎಂಬ ಅಲಮೇಲಮ್ಮನ ಶಾಪ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಅಂಥ ಕಥೆ ಇಲ್ಲಿನ ದಿಬ್ಬಕ್ಕಿಲ್ಲ. ಕೇಳುವವರ ಕಿವಿ ನಮ್ಮಲ್ಲಿ ಆಗಲೇ ತೆರೆದಿದೆ. ಆದರೆ ನಾವು ಕಥೆಯನ್ನು ಶಾಪಕ್ಕೇ ನಿಲ್ಲಿಸುತ್ತೇವೆ. ಮರಳು ಬಂದದ್ದಕ್ಕೆ ಕಾರಣ ಕಾವೇರಿಯ ತಿರುವು, ಹೊಳೆಯ ಮೇಲ್ಭಾಗದ ಮಾಧವಮಂತ್ರಿ ಅಣೆಕಟ್ಟೆ, ಮಳೆಗಾಲದ ಗಾಳಿ ಎಂದು ಭೂವಿಜ್ಞಾನಿಗಳು ಹೇಳುವುದು ಗುಡಿ ಬಾಗಿಲವರೆಗೂ ಬಂದಿಲ್ಲ.

ರೇಂಜರ್‌ಗೆ ಶಾಪದ ಕಥೆ ಹೇಳಿದೆ. ಖುಷಿಪಟ್ಟರು. "ಈಗ ಆ ಮರಳ ಮೇಲೆ ಏನು ಬೆಳೆಯುತ್ತೆ?" ಎಂದರು. ನೀಲಗಿರಿ ನೆಟ್ಟಿದ್ದಾರೆ ಅಂದೆ. "ಅದು ನೆಟ್ಟದ್ದು. ತಾನಾಗಿ ಬಂದದ್ದು?"

ಮುಂದಿನ ರಜೆಗೆ ಹೋದಾಗ ತೆಪ್ಪದವರನ್ನು ಕೇಳಬೇಕು. ದಿನಾ ಅಲ್ಲೇ ಇರುವವರು ಅವರು. ದುಡ್ಡು ಕೊಟ್ಟು ಒಂದು ಬೆಳಗ್ಗೆ ನಡೆಸಿ ಅಂದರೆ ಬರಲೂಬಹುದು, ಗುಡಿ ಬಾಗಿಲು ತೆರೆಯುವ ಮುಂಚೆ, ಮರಳು ತಣ್ಣಗಿರುವಾಗ.