ಅಲಾರಾಂ ನಿಲ್ಲಿಸಲು ರೋಗಿಯನ್ನೇ ಕಟ್ಟಿಹಾಕುವುದೇ?

ನಿನ್ನೆ ರಾತ್ರಿ ಬೆಂಗಳೂರಿನ ಒಂದು ಐಸಿಯುವಿನಲ್ಲಿ, ಎಆರ್‌ಡಿಎಸ್ (ಶ್ವಾಸಕೋಶ ಉರಿಯೂತಗೊಂಡು ನೀರು ತುಂಬುವ ಗಂಭೀರ ಸ್ಥಿತಿ) ಆಗಿ ಶ್ವಾಸಕೋಶ ಸೋತಿದ್ದ ರೋಗಿಯೊಬ್ಬರ ವೆಂಟಿಲೇಟರ್ ಪದೇ ಪದೇ ಅಲಾರಾಂ ಹೊಡೆಯುತ್ತಿದ್ದಾಗ, ಪರದೆಯ ಗೆರೆಗಳತ್ತ ಒಮ್ಮೆಯೂ ಕಣ್ಣು ಹಾಯಿಸದೆ ‘ವೆಕುರೋನಿಯಂ ಕೊಟ್ಟುಬಿಡಿ ಸಿಸ್ಟರ್’ ಎಂದು ಮೈಯ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಹೇಳಿದ ಕಿರಿಯ ವೈದ್ಯರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪಕ್ಕದ ಹಾಸಿಗೆಯಿಂದ ನಾನು ಬರುವಷ್ಟರಲ್ಲಿ ಔಷಧ ಒಳಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಅಲಾರಾಂ ನಿಂತಿತು, ಎಲ್ಲರಿಗೂ ನೆಮ್ಮದಿ. ರೋಗಿಗೂ ನೆಮ್ಮದಿಯೇ ಎಂದು ಕೇಳೋಣವೆಂದರೆ ಅವರು ರೆಪ್ಪೆಯನ್ನೂ ಅಲ್ಲಾಡಿಸುವಂತಿರಲಿಲ್ಲ.

ಅರಿವಳಿಕೆ ಕೊಟ್ಟೇ ಬದುಕುವ ನನಗೆ ಈ ಔಷಧಗಳ ಮೇಲೇನೂ ಹಗೆಯಿಲ್ಲ. ಆದರೆ ಅವು ಸ್ನಾಯುವನ್ನು ಮಾತ್ರ ಸಡಿಲಿಸುತ್ತವೆಯೇ ಹೊರತು ನೋವನ್ನಾಗಲಿ ಎಚ್ಚರವನ್ನಾಗಲಿ ಮುಟ್ಟುವುದಿಲ್ಲ. ಹಾಗಾಗಿ ನಾನು ಮೊದಲು ಮಾಡಿದ ಕೆಲಸವೆಂದರೆ ನಿದ್ರೆಯ ಔಷಧವನ್ನು ಏರಿಸಿದ್ದು.

ಔಷಧ ಹತ್ತುವ ಮುನ್ನ ಪರದೆಯಲ್ಲಿ ಕಂಡದ್ದು ಸ್ಪಷ್ಟವಾಗಿತ್ತು. ಯಂತ್ರ ಉಸಿರು ತುಂಬಿ ಮುಗಿಸಿದ ಮೇಲೂ ರೋಗಿಯ ವಪೆ (ಉಸಿರೆಳೆಯುವ ಸ್ನಾಯು) ಎಳೆಯುತ್ತಲೇ ಇತ್ತು. ಆ ಎಳೆತಕ್ಕೆ ಓಗೊಟ್ಟ ಯಂತ್ರ, ಮೊದಲ ಉಸಿರು ಹೊರಬೀಳುವ ಮುನ್ನವೇ ಅದರ ಮೇಲೆ ಇನ್ನೊಂದನ್ನು ತುಂಬುತ್ತಿತ್ತು. ಎತ್ತರದಿಂದ ಲೆಕ್ಕಹಾಕಿದ ತೂಕದ ಪ್ರತಿ ಕಿಲೋಗೆ ಒಂದು ಉಸಿರಿಗೆ ನಾವು ನಿಗದಿಪಡಿಸಿದ್ದು 6 ಮಿಲಿಲೀಟರ್ ಗಾಳಿ, ಒಳಗೆ ಸೇರುತ್ತಿದ್ದುದು 12ರ ಆಸುಪಾಸು. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಹೋಲಿಸಿದ್ದು ಇವೇ ಎರಡು ಅಳತೆಗಳನ್ನು: ಸಾವು 12ರಲ್ಲಿ ಸುಮಾರು ಶೇ. 40, 6ರಲ್ಲಿ ಶೇ. 31. ಈ ಜೋಡಿ ಉಸಿರನ್ನು ತಡೆಯಲೇಬೇಕು, ಸರಿ. ಆದರೆ ಉಸಿರು ತುಂಬುವ ಅವಧಿಯನ್ನು ತುಸು ಹಿಗ್ಗಿಸಿ ನೋಡಲು, ನೋವಿದೆಯೇ, ಜ್ವರವಿದೆಯೇ, ರಕ್ತದಲ್ಲಿ ಆಮ್ಲ ಹೆಚ್ಚಿದೆಯೇ, ಕೊಳವೆಯಲ್ಲಿ ಕಫ ಕಟ್ಟಿದೆಯೇ ಎಂದು ವಿಚಾರಿಸಲು ಎಷ್ಟು ಹೊತ್ತು ಬೇಕು?

‘ಸಾರ್, 2010ರ ಫ್ರೆಂಚ್ ಅಧ್ಯಯನದಲ್ಲಿ ಇಂಥ ಔಷಧದಿಂದ ಲಾಭ ಕಂಡಿತ್ತಲ್ಲ’ ಎಂಬ ಉತ್ತರ ಸಿದ್ಧವಿತ್ತು. ಕಂಡಿತ್ತು ಮಾರಾಯರೇ: 340 ರೋಗಿಗಳು, 48 ಗಂಟೆ ಸಿಸಾಟ್ರಾಕ್ಯೂರಿಯಂ ಎಂಬ ಇದೇ ಬಗೆಯ ಔಷಧ. ಆದರೆ 2019ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿದಾಗ 90 ದಿನಗಳೊಳಗಿನ ಸಾವು ಔಷಧ ಕೊಟ್ಟ ಗುಂಪಿನಲ್ಲಿ ಶೇ. 42.5, ಕೊಡದವರಲ್ಲಿ ಶೇ. 42.8. ನಮ್ಮ ಹುಡುಗರ ಓದು 2010ಕ್ಕೇ ಮುಗಿಯಿತೋ ಏನೋ!

ನಿದ್ರೆಯ ಔಷಧ ಏರಿಸಿದರೂ ನಿಲ್ಲದೆ, ಯಂತ್ರದ ಉಸಿರೇ ವಪೆಯನ್ನು ಕೆರಳಿಸಿ ಎಳೆಸುವ ರೋಗಿಗಳಿದ್ದಾರೆ. ಶ್ವಾಸನಾಳದ ಒತ್ತಡ ಸುರಕ್ಷಿತ ಮಿತಿಯೆನ್ನುವ 30ರೊಳಗೇ (ಸೆಂ.ಮೀ. ನೀರಿನ ಅಳತೆ) ಕಂಡರೂ, ಎದೆಯೊಳಗಿನ ಎಳೆತದಿಂದ ಶ್ವಾಸಕೋಶ ಅದಕ್ಕಿಂತ ಹೆಚ್ಚಿಗೆ ಹಿಗ್ಗುತ್ತಿರುವವರೂ ಇದ್ದಾರೆ. ಅಂಥವರಿಗೆ ನಾನೇ ಸಿರಿಂಜ್ ತುಂಬುತ್ತೇನೆ. ನಿದ್ರೆ ಆಳವಾಗಿದೆಯೇ ಎಂದು ನೋಡಿದ ಮೇಲೆ, ಯಾವಾಗ ನಿಲ್ಲಿಸಬೇಕೆಂದು ಚಾರ್ಟಿನಲ್ಲಿ ಬರೆದ ಮೇಲೆ. ನಿನ್ನೆಯ ಚಾರ್ಟಿನಲ್ಲಿ ಇವೆರಡೂ ಇರಲಿಲ್ಲ.