ಸುರಂಗ ಬಾವಿಗೆ ಬಿದ್ದ ಚಪ್ಪಲಿ

ನಿನ್ನೆ ಸಂಜೆ ನಮ್ಮ ಬೀದರ್‌ನ ನೌಬಾದ್ ಕಡೆ ಸುಮ್ನೆ ಗಾಡಿ ತಗೊಂಡು ಹೋಗಿದ್ದೆ. ಟ್ರ್ಯಾಕ್ಟರ್ ಒಂದು ರಿವರ್ಸ್ ಬಂದು ನಿಂತಿತು, ಟ್ರಾಲಿ ಮೇಲೆದ್ದಿತು. ಒಡೆದ ಇಟ್ಟಿಗೆ, ಸಿಮೆಂಟ್ ಚೀಲ, ಒಂಟಿ ಚಪ್ಪಲಿ, ಎಲ್ಲ ಸೀದಾ ಗುಂಡಿಯೊಳಗೆ. ಬಿದ್ದ ಸದ್ದು ಸ್ವಲ್ಪ ತಡವಾಗಿ ಕೇಳಿತು. ಅಷ್ಟು ಆಳ.

ಆ ‘ಗುಂಡಿ’ ನಮ್ಮ ಕರೇಜ್‌ನ ಗಾಳಿಕಿಂಡಿ! ಕರೇಜ್ ಅಂದ್ರೆ ನೆಲದಡಿಯ ಸುರಂಗದಲ್ಲಿ ನೀರು ಹರಿಸಿ ತರೋ ಹಳೇ ವ್ಯವಸ್ಥೆ.

"ಏನಪ್ಪಾ ಇದು?" ಅಂದೆ. "ಪಾಳು ಬಾವಿ ಅದರಿ ಸರ, ಯಾರ್ ಕೇಳ್ತಾರ?" ಅಂದ. ಅವನ ಮೇಲೆ ಸಿಟ್ಟಿಲ್ಲ, ಟ್ರಿಪ್ಪಿಗೆ ಇಷ್ಟು ಅಂತ ದುಡಿಯೋನು. ಸುರಿ ಅಂತ ಕಳಿಸಿದವರ ಮೇಲಿದೆ.

15ನೇ ಶತಮಾನದಲ್ಲಿ ಬಹಮನಿಗಳ ಕಾಲಕ್ಕೆ ಬಂದ ಇರಾನಿನ ಜಾಣ್ಮೆ ಇದು. ನಮ್ಮ ಜಂಬಿಟ್ಟಿಗೆ ಕಲ್ಲು ಮಳೆ ಕುಡಿಯುತ್ತೆ, ಕೆಳಗಿನ ಕರಿಕಲ್ಲು ಮುಂದೆ ಬಿಡಲ್ಲ. ನಡುವೆ ನಿಂತ ನೀರು ಸುರಂಗದ ಇಳಿಜಾರಲ್ಲಿ ತಾನೇ ಹರಿಯುತ್ತೆ. ಮೋಟರ್ ಇಲ್ಲ, ಕರೆಂಟ್ ಬಿಲ್ ಇಲ್ಲ.

ಕರೇಜ್‌ಗೆ ಇನ್ನೊಂದು ಹೆಸರು ಖನಾತ್. ಇರಾನಿನ 11 ಖನಾತ್‌ಗಳು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅಲ್ಲಿನ ಯಜ್ದ್ ನಗರದಲ್ಲಿ ಖನಾತ್‌ಗಂತಲೇ ಒಂದು ಅಂತರರಾಷ್ಟ್ರೀಯ ಕೇಂದ್ರ ಇದೆ. ನಮ್ಮ ಬೀದರ್? ಕಲಬುರಗಿ, ವಿಜಯಪುರದ ಜೊತೆ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ, ಅಂದ್ರೆ ಸರದಿಗೆ ಕಾಯೋರ ಸಾಲಲ್ಲಿ, ಕೂತಿದೆ. ಹೊರದೇಶದವರು ಬಂದು ಕೈಜೋಡಿಸಲಿ ಅಂತ ಭಾಷಣ ಕೇಳಿ ಕೇಳಿ ಸಾಕಾಗಿದೆ. ಬರಲಿ, ಬೇಕು. ಸುರಂಗ ತೋಡೋದು, ಹೂಳು ತೆಗೆಯೋದು ಅಲ್ಲಿ ಅಪ್ಪನಿಂದ ಮಗನಿಗೆ ಬಂದ ಕಸುಬು. ಆದ್ರೆ ಬಂದವರಿಗೆ ನಾವು ತೋರಿಸೋದೇನು, ಆ ಚಪ್ಪಲೀನಾ?

"ಹಾಗಾದ್ರೆ ಊರು ಬೆಳೀಬಾರ್ದಾ, ನಮ್ಮ ಹುಡುಗರು ಹೈದರಾಬಾದಿಗೇ ಹೋಗ್ತಿರಬೇಕಾ?" ಅಂತ ಕೆಳಗೆ ಬರೆಯೋಕೆ ಕೆಲವರು ರೆಡಿ ಇದ್ದೀರಿ, ಗೊತ್ತು. ಬೆಳೀಲಿ ಮಾರಾಯ್ರೆ, ಲೇಔಟ್ ಮಾಡಿ, ಮನೆ ಕಟ್ಟಿ. ಆ ಮನೆಗೆ ನೀರೆಲ್ಲಿಂದ? ನೆಲಕ್ಕೆಲ್ಲ ಕಾಂಕ್ರೀಟು, ಕಿಂಡಿಗೆಲ್ಲ ಇಟ್ಟಿಗೆ. ಆಮೇಲೆ ಬೇಸಿಗೇಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡೋದಕ್ಕೂ ಅಭಿವೃದ್ಧಿ ಅಂತಾನೇ ಹೆಸರಾ?

ನಾನೇನೂ ಸಾಚಾ ಅಲ್ಲ. ಹೋದ ವರ್ಷ ಮನೆ ಹಿಂದೆ ಬೋರ್ ಹಾಕಿಸಿದೆ. ಸಾಲ ಮಾಡಿ. ಬಂದದ್ದು ಧೂಳು. ಬಾಗಿಲಲ್ಲಿ ನಿಂತಿದ್ದ ಅವ್ವ, ತಲೆ ಮೇಲೆ ಸೆರಗು ಎಳಕೊಂಡು, "ಸುರಂಗ ತೋಡಿದ ಮಂದಿ ಹುಚ್ಚರಿದ್ರೇನು?" ಅಂದಳು. ಅವತ್ತು ಅವಳ ಮೇಲೆ ರೇಗಿದ್ದೆ.

ಆ ಕಿಂಡಿಗೆ ತುರ್ತಾಗಿ ಕಬ್ಬಿಣದ ಜಾಲರಿ ಬೇಕು. ಸಂಬಂಧಪಟ್ಟವರಿಗೆ ಇವತ್ತೇ ಅರ್ಜಿ ಕೊಟ್ಟೆ, "ನೋಡೋಣ" ಅಂದ್ರು. ಅವರು ಒಪ್ಪಿದ್ರೆ ದುಡ್ಡು ನಾನೇ ಹಾಕ್ತೀನಿ. ನೌಬಾದ್ ಕಡೆ ವೆಲ್ಡಿಂಗ್ ಮಾಡೋರು ಗೊತ್ತಿದ್ರೆ ಹೇಳಿ, ರೇಟು ನೋಡ್ಕೊಂಡು.